ಪದಚರ್ಚೆ: ‘ಪ್ರಾಗ್ನೋಸಿಸ್’ ಅಂದರೆ ಮುನ್ಸೂಚನೆಯೇ? ‘ನಿಯಂತ್ರಣ’ದ ಬಗ್ಗೆಯೂ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಸ್ತನ ಕ್ಯಾನ್ಸರಿನ ಸಂಶೋಧನೆಯೊಂದರ ಮಾಹಿತಿಪತ್ರವನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಿದ್ದೇನೆ. ನಾಲ್ಕೇ ಪುಟ. ಒಪ್ಪಿಗೆಯ ಸಹಿ ಹಾಕುವ ಮೊದಲು ರೋಗಿಗಳು ಓದಬೇಕಾದದ್ದು. ಉಡುಪಿ, ಕುಂದಾಪುರ ಕಡೆಯವರೇ ಹೆಚ್ಚಾಗಿ ಓದುವವರು. ಮೂರು ದಿನದಿಂದ ಮೊದಲ ಪುಟ ದಾಟಿಲ್ಲ.

ಪ್ರಾಗ್ನೋಸಿಸ್‌ಗೆ ಕೈಗೆ ಬಂದದ್ದು ‘ಮುನ್ಸೂಚನೆ’, ಹಾಗೇ ಬರೆದೆ. ಪ್ರಾಗ್ನೋಸ್ಟಿಕ್ ಮಾರ್ಕರ್, ಅಂದರೆ ಅದಕ್ಕಾಗಿ ಗಡ್ಡೆಯಲ್ಲಿ ನೋಡುವ ಗುರುತು, ‘ಮುನ್ಸೂಚಕ’ ಆಯಿತು. ಕರಡನ್ನು ದೊಡ್ಡಮ್ಮನಿಗೆ ಓದಲು ಕೊಟ್ಟೆ. ಓದಿ ಕನ್ನಡಕ ತೆಗೆದವರೇ, “ಸೀಕು ಬರುವ ಮೊದಲೇ ಗೊತ್ತಾಗುವ ಟೆಸ್ಟಾ ಇದು? ಹಾಗಾದ್ರೆ ನಾನೂ ಒಂದು ಮಾಡಿಸ್ಬೇಕಲ್ಲ ಮಾರಾಯ” ಅಂದರು. ಅವರು ಓದಿದ್ದು ಸರಿಯಾಗಿಯೇ. ‘ಕ್ಯಾನ್ಸರಿನ ಮುನ್ಸೂಚನೆಗಳು’ ಅಂತ ಪೇಪರಿನಲ್ಲಿ ಬರುವುದು ಗಂಟು, ವಾಸಿಯಾಗದ ಹುಣ್ಣು, ಇಂಥವುಗಳ ಪಟ್ಟಿ. ಪ್ರಾಗ್ನೋಸಿಸ್ ಶುರುವಾಗುವುದೇ ರೋಗ ಇದೆ ಎಂದು ಖಚಿತವಾದ ಮೇಲೆ. ಇನ್ನು ಮುಂದೆ ಇದು ಹೇಗೆ ಸಾಗೀತು, ಮರುಕಳಿಸೀತೇ, ಬೇರೆ ಕಡೆಗೆ ಹರಡೀತೇ ಎಂಬ ಅಂದಾಜು ಅದು. ಅದೂ ಒಬ್ಬರ ಹಣೆಬರಹವಲ್ಲ, ಅಂಥದೇ ಗಡ್ಡೆಯಿದ್ದ ಬಹಳ ಜನರಿಗೆ ಏನಾಯಿತು ಎಂಬ ಲೆಕ್ಕ.

‘ರೋಗಭವಿಷ್ಯ’ ಎಂದು ಒಬ್ಬರು ಸೂಚಿಸಿದರು. ಮಾತುಮಾತಿಗೆ ಪ್ರಶ್ನೆ ಇಡಿಸುವ ನಮ್ಮ ಜಿಲ್ಲೆಯಲ್ಲಿ ಆ ಪದ ಕಂಡರೆ ಕಣ್ಣೆದುರು ಬರುವುದು ಜ್ಯೋತಿಷಿಯ ಕವಡೆ ಮತ್ತು ಮಣೆ. ಬೇಡ.

ಆಯುರ್ವೇದ ಓದಿದ ಗೆಳೆಯನನ್ನು ಕೇಳಿದೆ. ಅವರಲ್ಲಿ ಇದಕ್ಕೆ ಹಳೆಯ ವಿಂಗಡಣೆಯೇ ಇದೆ: ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯ. ಯಾಪ್ಯವೆಂದರೆ ಗುಣವಾಗದು, ಆದರೆ ಚಿಕಿತ್ಸೆ ನಡೆಯುವಷ್ಟು ಕಾಲ ತಡೆದು ನಿಂತೀತು; ಬೀಳುವ ಮನೆಗೆ ಸರಿಯಾಗಿ ಕೊಟ್ಟ ಊರುಗಂಬದ ಹಾಗೆ ಎಂದು ಸುಶ್ರುತ ಹೇಳುತ್ತಾನೆ. ಇವತ್ತು ಹರಡಿದ ಕ್ಯಾನ್ಸರಿನಲ್ಲೂ ಮಾತ್ರೆ ನುಂಗಿಕೊಂಡು ವರ್ಷಗಟ್ಟಲೆ ಕೆಲಸಕ್ಕೆ ಹೋಗುವವರಿದ್ದಾರಲ್ಲ, ಅವರ ಸ್ಥಿತಿಗೆ ಇದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ. ಆದರೆ ‘ಸಾಧ್ಯಾಸಾಧ್ಯತೆ’ ಎಂದು ಮಾಹಿತಿಪತ್ರದಲ್ಲಿ ಹಾಕಿದರೆ ‘ಅಸಾಧ್ಯ’ ಎಂಬ ಮೂರಕ್ಷರ ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ.

ಕೊನೆಗೆ ‘ರೋಗಗತಿ’ಗೆ ಬಂದೆ. ಗತಿ ಎಂದರೆ ಚಲನೆ, ಅರ್ಥ ಸರಿಯಾಗಿ ಕೂರುತ್ತದೆ. ಮಾರ್ಕರ್ ‘ಗತಿಸೂಚಕ’. ಖುಷಿಯಾಯಿತು, ಒಂದು ರಾತ್ರಿ ಮಟ್ಟಿಗೆ. ಬೆಳಿಗ್ಗೆ ದೊಡ್ಡಮ್ಮ, “ಗತಿಸಿದ್ರು ಅಂದ್ರೆ ತೀರಿಹೋದ್ರು ಅಂತ ಅಲ್ವಾ?” ಅಂದರು.

ಇಷ್ಟಕ್ಕೇ ಮುಗಿಯುವುದಿಲ್ಲ. ವೈದ್ಯರು ಪ್ರಾಗ್ನೋಸ್ಟಿಕ್ ಎಂಬುದನ್ನೂ ಪ್ರಿಡಿಕ್ಟಿವ್ ಎಂಬುದನ್ನೂ ಬೇರೆ ಬೇರೆಯಾಗಿ ಬಳಸುತ್ತಾರೆ. ಕನ್ನಡದಲ್ಲಿ ಎರಡೂ ‘ಮುನ್ಸೂಚಕ’ ಆಗಿಬಿಟ್ಟಿವೆ. ಮೊದಲನೆಯದು ರೋಗದ ಸ್ವಭಾವ ಹೇಳುತ್ತದೆ, ಎರಡನೆಯದು ಇಂಥ ಮದ್ದು ನಾಟೀತೋ ಇಲ್ಲವೋ ಎಂಬುದನ್ನು. ಉದಾಹರಣೆಗೆ ಕೆಐ-67 ಎಂಬ ಪ್ರೋಟೀನ್. ವಿಭಜನೆಯ ಚಕ್ರದಲ್ಲಿರುವ ಜೀವಕೋಶದಲ್ಲಿ ಇರುತ್ತದೆ, ವಿಶ್ರಾಂತಿಯಲ್ಲಿರುವುದರಲ್ಲಿ ಇರುವುದಿಲ್ಲ. ಗಡ್ಡೆಯ ತುಣುಕಿಗೆ ಬಣ್ಣ ಕಟ್ಟಿ, ನೂರರಲ್ಲಿ ಎಷ್ಟು ಕೋಶಕೇಂದ್ರಗಳು ಬಣ್ಣ ಹಿಡಿದವು ಎಂದು ಎಣಿಸಿದರೆ ಬೆಳವಣಿಗೆಯ ವೇಗದ ಅಂದಾಜು ಸಿಗುತ್ತದೆ. ಇದು ಮುಖ್ಯವಾಗಿ ಮೊದಲ ಜಾತಿಯದು. (ಹೆಸರಿನ ‘ಕೆಐ’ ಜರ್ಮನಿಯ ಕೀಲ್ ಊರಿನದು, 67 ಪ್ರಯೋಗದ ತಟ್ಟೆಯ ಗುಳಿಯ ಸಂಖ್ಯೆ. 1983ರಲ್ಲಿ ಹೀಗೆ ಊರಹೆಸರು ಅಂಟಿಸಿ ಅದನ್ನು ಕಂಡುಹಿಡಿದವರು ಪಾರಾದರು!) ಈಸ್ಟ್ರೊಜೆನ್ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಿ ಪ್ರೋಟೀನ್ ಗಡ್ಡೆಯಲ್ಲಿ ಇದೆಯೇ ಎಂದು ನೋಡುವುದು ಮುಖ್ಯವಾಗಿ ಎರಡನೆಯ ಜಾತಿ, ಇದ್ದರೆ ಟ್ಯಾಮಾಕ್ಸಿಫೆನ್‌ನಂಥ ಮದ್ದು ನಾಟುವ ಸಂಭವ ಹೆಚ್ಚು. ಜೀವಕೋಶದ ಮೇಲ್ಮೈಯಲ್ಲಿರುವ ಹರ್-2 ಎಂಬ ಪ್ರೋಟೀನ್ ಎರಡೂ ಹೌದು. ಅದು ಹೆಚ್ಚಿದ್ದರೆ ಗಡ್ಡೆ ಜೋರಿನದು ಎಂಬುದು ಹಳೆಯ ಸುದ್ದಿ. ಅದನ್ನೇ ಗುರಿಯಾಗಿಸಿದ ಟ್ರಾಸ್ಟುಜುಮಾಬ್ ಎಂಬ ಮದ್ದಿಗೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಮೇಲೆ ಅದೇ ಗುರುತು ಮದ್ದಿನ ದಾರಿಯನ್ನೂ ತೋರಿಸತೊಡಗಿತು. ‘ಹರ್-2 ಒಂದು ಮುನ್ಸೂಚಕ’ ಎಂದು ಬರೆದರೆ ಓದುವವರಿಗೆ ಯಾವ ಸುದ್ದಿ ಮುಟ್ಟಿತು, ಕೆಟ್ಟದ್ದೋ ಒಳ್ಳೆಯದೋ?

ಈಗ ನನ್ನ ಮೇಜಿನ ಮೇಲಿರುವ ಜೋಡಿ: ‘ನಡೆಗುರುತು’ ಮತ್ತು ‘ಮದ್ದುಗುರುತು’. ರೋಗದ ನಡೆ ತೋರಿಸುವುದು ಒಂದು, ಮದ್ದಿನ ಆಯ್ಕೆಗೆ ನೆರವಾಗುವುದು ಇನ್ನೊಂದು. ‘ನಡೆಸೂಚಕ’ ಎಂದರೆ ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಅರಿಸಮಾಸವೆಂದು ಹಿರಿಯರು ಹಿಡಿಯುತ್ತಾರೆ, ಅದಕ್ಕೇ ಗುರುತು. ಆದರೆ ನಮ್ಮಲ್ಲಿ ಮದ್ದು ಎಂದರೆ ಔಷಧಿ; ಮೈಸೂರು ಕಡೆಯವರಿಗೆ ಕೈಮದ್ದು, ಸಿಡಿಮದ್ದು ನೆನಪಾಗುತ್ತದೆಯೋ ಏನೋ. ಆ ಕಡೆಯವರು ಹೇಳಬೇಕು.

ಎರಡನೆಯ ಪ್ರಶ್ನೆ ಚಿಕ್ಕದು. ‘ಜೀವಕೋಶದ ಬೆಳವಣಿಗೆಯ ನಿಯಂತ್ರಣ’ ಎಂಬಲ್ಲಿ ನಿಯಂತ್ರಣ ಸರಿಯೇ? ಸೊಳ್ಳೆ ನಿಯಂತ್ರಣ, ಮಲೇರಿಯಾ ನಿಯಂತ್ರಣ ಎಂದು ಕೇಳಿ ಕೇಳಿ ಮಂಗಳೂರಿನವರಿಗೆ ಆ ಪದವೆಂದರೆ ಅಡಗಿಸುವುದು ಎಂದೇ ಆಗಿದೆ. ಮೂಲದಲ್ಲಿರುವುದು ತಡೆಯುವುದು, ಬಿಡುವುದು ಎರಡೂ. ನಮ್ಮ ಕಿಂಡಿ ಅಣೆಕಟ್ಟಿನ ಹಾಗೆ: ಮಳೆ ನಿಂತ ಮೇಲೆ ಹಲಗೆ ಇಳಿಸುತ್ತಾರೆ, ಮಳೆಗಾಲಕ್ಕೆ ಮೊದಲು ಎತ್ತುತ್ತಾರೆ. ಆರ್‌ಬಿ ಎಂಬ ಪ್ರೋಟೀನ್ ಅಂಥ ಹಲಗೆ. ಬೆಳೆಯಲು ಸಂಕೇತ ಬಂದಾಗ ಕೆಲವು ಕಿಣ್ವಗಳು ಅದಕ್ಕೆ ಫಾಸ್ಫೇಟ್ ತಗಲಿಸುತ್ತವೆ, ಹಿಡಿತ ಸಡಿಲವಾಗಿ ಕೋಶ ವಿಭಜನೆಗೆ ಹೊರಡುತ್ತದೆ. ಹಲಗೆಯೇ ಕೊಚ್ಚಿಹೋದರೆ ಕ್ಯಾನ್ಸರಿಗೆ ದಾರಿ. ‘ಬೆಳವಣಿಗೆಯ ಹದ ಕಾಯುವುದು’ ಎಂದು ಬರೆದಿದ್ದೇನೆ. ಅಡುಗೆಮನೆಯ ವಾಸನೆ ಜಾಸ್ತಿಯಾಯಿತೇ?

ಅಂದಹಾಗೆ, ಕಿಟೆಲರ ನಿಘಂಟು ನೋಡಿ ಎಂದು ದಯವಿಟ್ಟು ಹೇಳಬೇಡಿ. 1894ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾದದ್ದು ನಿಜ, ಆದರೆ ಅದು ಕನ್ನಡದಿಂದ ಇಂಗ್ಲಿಷಿಗೆ ಹೋಗುವ ದಾರಿ, ನನಗೆ ಬೇಕಾದದ್ದು ವಾಪಸು ಬರುವ ಬಸ್ಸು.

ಶುಕ್ರವಾರ ಕರಡು ಕೊಡಬೇಕು. ಆಸ್ಪತ್ರೆಯ ಕಾರಿಡಾರಿನಲ್ಲಿ ‘ಮುಂದೆ ಹೇಗೆ ಡಾಕ್ಟ್ರೇ’ ಎಂದು ನಿಮ್ಮ ಊರಿನವರು ಯಾವ ಮಾತಿನಲ್ಲಿ ಕೇಳುತ್ತಾರೋ, ಅದನ್ನು ಇದ್ದ ಹಾಗೇ ಬರೆದು ಕಳಿಸಿದರೂ ಸಾಕು.