ಓದುಗರ ಸ್ಪಂದನ: ಶಾಲೆ ಬಿಡಿಸುವ ಮುಂಚೆ

ಓದುಗರೊಬ್ಬರ ಸಮಸ್ಯೆ: ನನ್ನ ಮಗನಿಗೆ 8 ವರ್ಷ. ಆಟಿಸಂ ಇದೆ. ಸಾಮಾನ್ಯ ಶಾಲೆಯಲ್ಲಿ ಮೂರನೇ ತರಗತಿ ಓದುತ್ತಿದ್ದಾನೆ. ಕೆಲವೊಮ್ಮೆ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ಬೇರೆ ಮಕ್ಕಳ ಪಾಠಕ್ಕೆ ತೊಂದರೆ, ವಿಶೇಷ ಶಾಲೆಗೆ ಸೇರಿಸಿ ಎಂದು ಶಾಲೆಯವರು ಹೇಳುತ್ತಿದ್ದಾರೆ. ಇಲ್ಲಿ ಅವನಿಗೆ ಒಬ್ಬ ಗೆಳೆಯ ಇದ್ದಾನೆ. ಬಿಡಿಸಲು ಮನಸ್ಸಿಲ್ಲ. ಏನು ಮಾಡಲಿ?

ಪ್ರೀತಿಯ ಸೋದರಿ,
ನಿಮ್ಮ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಮಗಳಿಗೂ ಆಟಿಸಂ. ಅವಳ ಶಾಲೆಯಲ್ಲೂ ಇದೇ ಮಾತು ಕೇಳಿದ್ದೆ. ಆಗ ನಾನು ಎರಡು ವಾರ ಒಂದು ನೋಟ್‌ಬುಕ್ ಇಟ್ಟೆ. ಯಾವಾಗ ಕಿರುಚಿದಳು, ಅದಕ್ಕೆ ಮುಂಚೆ ಏನಾಗಿತ್ತು, ಆಮೇಲೆ ಯಾರು ಏನು ಮಾಡಿದರು, ಅಷ್ಟೇ. ಟೀಚರ್ ಕೈಯಲ್ಲೂ ಬರೆಸಿದೆ. ನೋಡಿದರೆ, ಪಾಠದ ಹೊತ್ತಿನಲ್ಲಿ ಅವಳು ಸುಮ್ನೆ ಕೂತಿರುತ್ತಿದ್ದಳು. ಕಿರುಚುತ್ತಿದ್ದುದು ಬೆಲ್ ಹೊಡೆದಾಗ, ಹೇಳದೆ ಕೇಳದೆ ಪಿರಿಯಡ್ ಬದಲಾದಾಗ. ನಮಗೆ ಮಾಮೂಲಿ ಅನ್ನಿಸುವ ಸದ್ದು ಇಂಥ ಎಷ್ಟೋ ಮಕ್ಕಳಿಗೆ ತಡೆಯಲಾಗದ ಹಿಂಸೆ. ಅದನ್ನು ಹಟ ಅಂದುಕೊಂಡು ನಾನೂ ಬೈದಿದ್ದೆ. ಈಗಲೂ ಅದು ನೋಯುತ್ತದೆ.

ಆಮೇಲೆ ಅವಳ ಜಾಗವನ್ನು ಬೆಲ್‌ನಿಂದ ದೂರಕ್ಕೆ ಬದಲಾಯಿಸಿದರು. ದಿನದ ಪಿರಿಯಡ್‌ಗಳನ್ನು ಚಿತ್ರಗಳಲ್ಲಿ ಸಾಲಾಗಿ ಬರೆದು ಡೆಸ್ಕ್ ಮೇಲೆ ಅಂಟಿಸಿದೆವು. ಪಿರಿಯಡ್ ಮುಗಿಯುವ ಎರಡು ನಿಮಿಷ ಮುಂಚೆ ಟೀಚರ್ ಅವಳಿಗೆ ಸನ್ನೆ ಮಾಡುತ್ತಿದ್ದರು. ತೀರಾ ಕಷ್ಟವಾದರೆ ಲೈಬ್ರರಿಯ ಒಂದು ಮೂಲೆಗೆ ಹೋಗಿ ಕೂರುತ್ತಿದ್ದಳು. ಕಿರುಚುವುದು ಪೂರ್ತಿ ನಿಂತಿತು ಎಂದು ಹೇಳಲಾರೆ. ದಿನಕ್ಕೆ ಮೂರು ಸಲ ಇದ್ದದ್ದು ವಾರಕ್ಕೆ ಒಂದೆರಡು ಸಲಕ್ಕೆ ಇಳಿಯಿತು. ಶಾಲೆ ಬಿಡಿಸುವ ಮಾತು ಮತ್ತೆ ಬರಲಿಲ್ಲ.
– ಒಬ್ಬ ತಾಯಿ

ನಾನು ಶಿಕ್ಷಕಿ. ನಿಜ ಹೇಳುತ್ತೇನೆ, ಮೊದಲ ಸಲ ಇಂಥ ಮಗು ನನ್ನ ತರಗತಿಗೆ ಬಂದಾಗ ನನಗೆ ಭಯವಾಗಿತ್ತು. ನಲವತ್ತು ಮಕ್ಕಳು, ನಾನೊಬ್ಬಳು. ನಮಗೆ ಯಾರೂ ಇದನ್ನು ಕಲಿಸಿರಲಿಲ್ಲ. ಆದ್ದರಿಂದ ಟೀಚರ್ ಜತೆ ಜಗಳಕ್ಕೆ ಹೋಗಬೇಡಿ. ಮುಖ್ಯೋಪಾಧ್ಯಾಯರನ್ನೂ ಕೂರಿಸಿಕೊಂಡು ಮಗನಿಗಾಗಿಯೇ ಒಂದು ಕಲಿಕಾ ಯೋಜನೆ ಬರೆಸಿ. ಈ ಮೂರು ತಿಂಗಳಲ್ಲಿ ಅವನು ಏನು ಕಲಿಯಬೇಕು, ಯಾರು ಏನು ಮಾಡುತ್ತಾರೆ, ಮತ್ತೆ ಯಾವತ್ತು ಸೇರುವುದು, ಎಲ್ಲ ಅದರಲ್ಲಿರಲಿ. ಬಾಯಿಮಾತು ಟೀಚರ್ ಬದಲಾದ ದಿನವೇ ಮರೆತುಹೋಗುತ್ತದೆ. ಹಿಂದಿನ ಬೆಂಚಿನಲ್ಲಿ ಕೂರಿಸಿ ಬಣ್ಣ ಹಚ್ಚಲು ಕೊಟ್ಟು ಬಿಟ್ಟರೆ ಅದು ಕಲಿಸಿದ ಹಾಗಲ್ಲ, ಅದಕ್ಕೆ ಒಪ್ಪಬೇಡಿ. ಇನ್ನೊಂದು ವಿಷಯ: ಆ ಗೆಳೆಯನನ್ನು ಕಾವಲಿಗೆ ಹಾಕಲು ಬಿಡಬೇಡಿ. ಅವನೂ ಮಗುವೇ ಅಲ್ವಾ? ಗೆಳೆಯನಾಗಿಯೇ ಇರಲಿ.
– ಒಬ್ಬ ಶಿಕ್ಷಕಿ

ನೀವು ಯಾರ ದಯೆಯನ್ನೂ ಬೇಡುತ್ತಿಲ್ಲ, ಧೈರ್ಯವಾಗಿ ಕೇಳಿ. 1994ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಸೇರಿ, ವಿಶೇಷ ಅಗತ್ಯವಿರುವ ಮಕ್ಕಳಿಗೂ ಸಾಮಾನ್ಯ ಶಾಲೆಯ ಬಾಗಿಲು ತೆರೆದಿರಬೇಕು ಎಂದು ಒಪ್ಪಿದ್ದರು. 2006ರಲ್ಲಿ ವಿಶ್ವಸಂಸ್ಥೆ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಅದರ 24ನೇ ವಿಧಿ ಓದಿ. ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ಸಾಮಾನ್ಯ ಶಿಕ್ಷಣದಿಂದ ಹೊರಗಿಡಬಾರದು, ಒಬ್ಬೊಬ್ಬರ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು ಎಂದು ಅದರಲ್ಲಿದೆ. ಅದರ ಒಂದು ಪ್ರತಿ ಜತೆಗಿಟ್ಟುಕೊಂಡೇ ಶಾಲೆಗೆ ಹೋಗಿ.
– ಒಬ್ಬ ಓದುಗ

ನನ್ನ ಮಗಳಿಗೆ ಕಿವಿ ಕೇಳಿಸುವುದಿಲ್ಲ. ಸಾಮಾನ್ಯ ಶಾಲೆಯಲ್ಲಿ ಎರಡು ವರ್ಷ ಓದಿದಳು. ಅಲ್ಲಿ ಸನ್ನೆ ಭಾಷೆ ಬಲ್ಲವರು ಒಬ್ಬರೂ ಇರಲಿಲ್ಲ. ಕಿವುಡ ಮಕ್ಕಳ ಶಾಲೆಗೆ ಸೇರಿಸಿದ ಮೇಲೆ ಮಾತು ಕಲಿತ ಹಾಗೆ ಅರಳಿದಳು. ಹಾಗಾಗಿ ವಿಶೇಷ ಶಾಲೆ ಎಂದರೆ ಸೋಲು ಎಂದುಕೊಳ್ಳಬೇಡಿ. ಆದರೆ ನಿಮ್ಮ ಮಗನ ವಿಷಯದಲ್ಲಿ ಶಾಲೆಯವರು ಇನ್ನೂ ಏನನ್ನೂ ಮಾಡಿ ನೋಡಿದ ಹಾಗಿಲ್ಲ. ಮೊದಲು ಅದಾಗಲಿ. ಮಗನನ್ನೂ ಕೇಳಿ. ಮಾತು ಕಷ್ಟವಾದರೆ ಶಾಲೆಯ ಒಂದೊಂದು ಜಾಗದ ಫೋಟೊ ತೋರಿಸಿ. ಯಾವುದನ್ನು ಎತ್ತಿಕೊಳ್ಳುತ್ತಾನೆ, ಯಾವುದನ್ನು ದೂರ ತಳ್ಳುತ್ತಾನೆ, ನೋಡಿ.
– ಒಬ್ಬ ತಂದೆ