ವರ್ಷಪೂರ್ತಿ ಗಾಡಿಯಲ್ಲೇ ಇರಬೇಕು, ಯಾವುದು ತಗೊಳ್ಳಲಿ?

ಪ್ರಶ್ನೆ (ದಾವಣಗೆರೆ): ಮೇಸ್ತ್ರಿಗಳೇ ನಮಸ್ಕಾರ. ನೀವು ಚಿತ್ರದುರ್ಗದಲ್ಲಿ ಗಾಡಿಗೆ ಬಾಡಿ ಕಟ್ಟುವವರು ಅಂತ ಕೇಳುತ್ತಿದ್ದೇನೆ. ನಾನು ಶಾಲೆಯಿಂದ ನಿವೃತ್ತನಾದೆ. ಮನೆ ಬಾಡಿಗೆಗೆ ಕೊಟ್ಟು, ನಾನೂ ನಮ್ಮ ಮನೆಯವರೂ ಗಾಡಿಯಲ್ಲೇ ಇದ್ದು ದೇಶ ಸುತ್ತಬೇಕು ಅಂತಿದ್ದೇವೆ. ಒಬ್ಬರು ಮಾರುತಿ ಈಕೋ ವ್ಯಾನ್ ಸಾಕು ಅಂದರು. ಇನ್ನೊಬ್ಬರು ಹಳೇ ಸ್ಕೂಲ್ ಬಸ್ ಅಗ್ಗಕ್ಕೆ ಸಿಗುತ್ತದೆ ಅಂದರು. ಇವಳಿಗೆ ಮಂಡಿ ನೋವು ಬೇರೆ.

ಉತ್ತರ: ಮೇಷ್ಟ್ರೇ, ಈಕೋ ಬೇಡ. ನಾಲ್ಕು ದಿನದ ಪ್ರವಾಸಕ್ಕೆ ಅದು ಚೆನ್ನ. ವರ್ಷಪೂರ್ತಿ ಅಂದರೆ ಒಳಗೆ ನಿಂತು ಸೀರೆ ಉಡಬೇಕು, ನಿಂತು ಅಡುಗೆ ಮಾಡಬೇಕು. ಮಳೆ ಹಿಡಿದರೆ ದಿನವಿಡೀ ಒಳಗೇ ಇರಬೇಕು. ಮಂಡಿ ನೋವಿದ್ದವರು ಬಗ್ಗಿಕೊಂಡೇ ಓಡಾಡೋದು ಆಗದ ಮಾತು. ಹಾಗಂತ ಬಸ್ಸೂ ಬೇಡ. ಓಣಿ, ಘಾಟಿ ತಿರುವು, ನಿಲ್ಲಿಸುವ ಜಾಗ, ಡೀಸೆಲ್, ಎಲ್ಲವೂ ನಿಮ್ಮಿಬ್ಬರಿಗೆ ಹೊರೆ.

ಹೈ ರೂಫ್ ಟಿಟಿ, ಅಂದರೆ ಒಳಗೆ ನಿಲ್ಲುವಷ್ಟು ಎತ್ತರದ ಟೆಂಪೋ ಟ್ರಾವೆಲರ್ ನೋಡಿ. ಫೋರ್ಸ್ ಟ್ರಾವೆಲರ್ 3350, 3700, 4020 ಮಿ.ಮೀ. ವೀಲ್‌ಬೇಸ್‌ಗಳಲ್ಲಿ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಬರುತ್ತದೆ. ಇಬ್ಬರಿಗೆ 3700 ಸರಿಯಾದ ಅಳತೆ. ಉದ್ದಕ್ಕೆ ಮಂಚ, ಎದುರಿಗೆ ಅಡುಗೆ ಕಟ್ಟೆ ಹಿಡಿಸುತ್ತದೆ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ಯಾವ ಜಿಲ್ಲೆಗೆ ಹೋದರೂ ಈ ಗಾಡಿ ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್ ಸಿಗುತ್ತಾನೆ. ಗಾಡಿ ಗ್ಯಾರೇಜಿನಲ್ಲಿ ನಿಂತರೆ ನಿಮ್ಮ ಮನೆಯೇ ಅಲ್ಲಿ ನಿಂತಂತೆ, ಅಲ್ವಾ? ಬಾಗಿಲಿಗೆ ಇನ್ನೊಂದು ಮೆಟ್ಟಿಲು, ಗಟ್ಟಿ ಹಿಡಿ ಹಾಕಿಸಿ.

ಈಗ ತೂಕದ ವಿಷಯ. ಎಲ್ಲರೂ ಮಂಚ, ಕಪಾಟು ಅಂತ ಶುರು ಮಾಡುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಆರ್‌ಸಿ. ಅದರಲ್ಲಿ ಖಾಲಿ ಗಾಡಿಯ ತೂಕವೂ ಇರುತ್ತದೆ, ಲೋಡ್ ಸೇರಿದ ಒಟ್ಟು ತೂಕವೂ ಇರುತ್ತದೆ. ನೀವಿಬ್ಬರೂ ನಿಮ್ಮ ಸಂಸಾರವೂ ಆ ಎರಡರ ನಡುವೆ ಹಿಡಿಸಬೇಕು. 100 ಲೀಟರ್ ನೀರು ಅಂದರೆ 100 ಕೆಜಿ. 8×4 ಅಡಿಯ 18 ಎಂಎಂ ಪ್ಲೈವುಡ್ ಶೀಟ್ ಒಂದೊಂದೂ 30 ಕೆಜಿ ಆಸುಪಾಸು. ಮನೆ ಇನ್ವರ್ಟರ್‌ಗೆ ಹಾಕುವಂಥ 150 ಎಎಚ್ ಟ್ಯೂಬುಲರ್ ಬ್ಯಾಟರಿ ಒಂದೇ 50 ಕೆಜಿಗೂ ಜಾಸ್ತಿ ತೂಗುತ್ತದೆ. ಲಿಥಿಯಂ ಹಾಕಿದರೆ ದುಡ್ಡು ಹೆಚ್ಚು, ತೂಕ ಅರ್ಧಕ್ಕಿಂತ ಕಡಿಮೆ. ಇಲ್ಲಿ ದುಡ್ಡು ಹಿಡಿಯಬೇಡಿ. ಭಾರ ಜಾಸ್ತಿಯಾದರೆ ಮೊದಲು ಸೋಲೋದು ಬ್ರೇಕು, ಟೈರು, ಪಾಟಾ (ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿ). ಕೆಲಸ ಮುಗಿದ ಮೇಲೆ ನೀರು ತುಂಬಿಸಿ, ಸಾಮಾನು ಇಟ್ಟು, ನೀವಿಬ್ಬರೂ ಕೂತು, ಲಾರಿ ತೂಗುವ ವೇ ಬ್ರಿಡ್ಜ್ ಹತ್ತಿಸಿ. ನಮ್ಮ ಹೈವೇ ಬದಿಯಲ್ಲಿ ಅದಕ್ಕೇನು ಬರವಿಲ್ಲ.

ಏಪ್ರಿಲ್‌ನಲ್ಲಿ ನಮ್ಮ ದುರ್ಗದ ಬಿಸಿಲಿಗೆ ತಗಡಿನ ಟಾಪ್ ಕಾದ ಹಂಚಾಗುತ್ತದೆ. ಟಾಪಿಗೆ ಬಿಳಿ ಬಣ್ಣ, ಒಳಗೆ ಶಾಖ ತಡೆಯುವ ಫೋಮ್, ಬಿಸಿ ಗಾಳಿ ಎಳೆಯುವ ಫ್ಯಾನ್ ಬೇಕೇ ಬೇಕು. ಮೇಲೆ 400 ವಾಟ್ ಸೋಲಾರ್ ಇದ್ದರೆ ಬಿಸಿಲಿನ ದಿನ ಒಂದೂವರೆ ಯೂನಿಟ್ ಆಸುಪಾಸು ಕರೆಂಟ್ ಬರುತ್ತದೆ. ಲೈಟು, ಫ್ಯಾನು, ಸಣ್ಣ ಫ್ರಿಜ್ಜಿಗೆ ಸಾಕು. ಎಸಿ ಆಸೆ ಇಟ್ಟುಕೊಳ್ಳಬೇಡಿ. ಎಸಿಗಾಗಿ ಬಿಎಸ್6 ಡೀಸೆಲ್ ಇಂಜಿನ್ ನಿಂತಲ್ಲೇ ಗಂಟೆಗಟ್ಟಲೆ ಓಡಿಸಿದರೆ ಸೈಲೆನ್ಸರ್ ದಾರಿಯ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಪ್ರಶ್ನೆ (ಹಿರಿಯೂರು): ಅಣ್ಣಾ, ಹಳದಿ ಬೋರ್ಡ್ ಟಿಟಿ ತಗೊಂಡು ಸೀಟು ಕಿತ್ತು ಮಂಚ ಹಾಕಿದರೆ ಆರ್‌ಟಿಓದವರು ಏನಾದರೂ ಅಂತಾರಾ?

ಉತ್ತರ: ಅಂದೇ ಅಂತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. ಸೀಟಿನ ಲೆಕ್ಕವೂ ಆರ್‌ಸಿಯಲ್ಲಿದೆ. ಇಂಥ ಗಾಡಿಗೆ ನಮ್ಮಲ್ಲಿ ಮೋಟಾರ್ ಕ್ಯಾರವಾನ್ ಅಂತ ಬೇರೆ ವರ್ಗವೇ ಇದೆ, ಅದರ ಕಟ್ಟುವಿಕೆಗೆ ಎಐಎಸ್-124 ಅನ್ನೋ ಮಾನದಂಡವೂ ಇದೆ. ಸೀಟಿಗೆ ಸ್ಪ್ಯಾನರ್ ಹಾಕುವ ಮೊದಲೇ ಆರ್‌ಟಿಓ ಕಚೇರಿಗೆ ಹೋಗಿ ಕೇಳಿ, ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ಆಮೇಲೆ ವಿಮೆಯವರಿಗೂ ತಿಳಿಸಿ. ಸುಮ್ನೆ ಬದಲಿಸಿಕೊಂಡು ಓಡಾಡಿದರೆ ಅಪಘಾತದ ದಿನ ಕ್ಲೇಮ್‌ಗೆ ತಕರಾರು ಬರುತ್ತದೆ.

ಪ್ರಶ್ನೆ (ದಾವಣಗೆರೆ, ಮೇಷ್ಟ್ರ ಮನೆಯವರು): ಗ್ಯಾಸ್ ಸಿಲಿಂಡರ್ ಒಳಗೇ ಇಟ್ಟುಕೊಳ್ಳಬಹುದಾ ತಮ್ಮಾ?

ಉತ್ತರ: ಮಂಚದ ಕೆಳಗೆ ಮಾತ್ರ ಬೇಡ ಅಕ್ಕಾ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ನಿಲ್ಲುತ್ತದೆ, ಮೇಲಿನ ಕಿಟಕಿ ತೆರೆದಿದ್ದರೂ ಹೋಗಲ್ಲ. 5 ಕೆಜಿ ಸಿಲಿಂಡರ್ ತಗೊಳ್ಳಿ. ಅದಕ್ಕೆ ಒಳಗಡೆಯಿಂದ ಪೂರ್ತಿ ಮುಚ್ಚಿದ, ಹೊರಗಡೆಯಿಂದ ಬಾಗಿಲಿರುವ ಪೆಟ್ಟಿಗೆ ಮಾಡಿಸಿ. ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೂತು ಇರಲಿ. ಅಡುಗೆ ಮಾಡುವಾಗ ಕಿಟಕಿ ತೆರೆದಿರಲಿ. ಎಷ್ಟೇ ಚಳಿಯಾದರೂ ಒಳಗೆ ಒಲೆ ಹಚ್ಚಿಕೊಂಡು ಮಲಗಬೇಡಿ, ಆ ಹೊಗೆಯ ವಿಷಕ್ಕೆ ವಾಸನೆಯೇ ಇರಲ್ಲ. ಓಡುವಾಗ ಸಿಲಿಂಡರ್ ವಾಲ್ವ್ ಬಂದ್ ಮಾಡಿರಿ.