ಇನ್ನೂ ಕೈಗೆ ಬಾರದ ಪ್ರೊಸೆಸರ್ ಮೇಲೆ ಎವಿಎಕ್ಸ್-512 ಕೋಡ್ ಎಷ್ಟು ವೇಗ ಓಡುತ್ತೆ ಅಂತ ಅಂದಾಜು ಮಾಡೋದು ಹೇಗೆ?

ಗಿರಿಕೋಡು (ಚಿಕ್ಕಮಗಳೂರು)

ನಮ್ಮದು ಕಾಫಿ ಕಾಳಿನ ಕಲರ್ ಸಾರ್ಟರ್. ಕಾಳು ಚ್ಯೂಟಿನಿಂದ ಬೀಳುವಾಗ ಲೈನ್ ಕ್ಯಾಮೆರಾ ನೋಡುತ್ತದೆ. ಕರಿಕಾಳೋ ಒಡಕು ಕಾಳೋ ಕಂಡರೆ ಕೆಳಗಿನ ನಾಝಲ್ ಗಾಳಿ ಊದಿ ಪಕ್ಕಕ್ಕೆ ತಳ್ಳುತ್ತದೆ. ಒಂದು ಲೈನ್ ಅಂದರೆ 2048 ಪಿಕ್ಸೆಲ್. ಸೆಕೆಂಡಿಗೆ 10,000 ಲೈನ್ ಬರುತ್ತವೆ, ಹಾಗಾಗಿ ಒಂದು ಲೈನಿಗೆ ನನಗೆ ಸಿಗೋದು 100 ಮೈಕ್ರೋಸೆಕೆಂಡ್. ಈಗ 85ರಲ್ಲಿ ಕೆಲಸ ಮುಗಿಯುತ್ತಿದೆ. ಅದರಲ್ಲಿ 60 ಹೋಗೋದು ಕನ್ವಲ್ಯೂಷನ್ ಲೂಪಿಗೆ, ಅಂದರೆ ಪ್ರತಿ ಪಿಕ್ಸೆಲನ್ನೂ ಅಕ್ಕಪಕ್ಕದವುಗಳ ಜೊತೆ ಗುಣಿಸಿ ಕೂಡಿಸೋ ಲೆಕ್ಕಕ್ಕೆ. ಅದು 32 ಬಿಟ್ ಫ್ಲೋಟ್ (ದಶಾಂಶ ಸಂಖ್ಯೆ), ಎವಿಎಕ್ಸ್2ನಲ್ಲಿ (ಒಂದೇ ಇನ್‌ಸ್ಟ್ರಕ್ಷನ್‌ಗೆ 256 ಬಿಟ್, ಅಂದರೆ ಇಂಥ 8 ಸಂಖ್ಯೆ ಒಟ್ಟಿಗೆ ಲೆಕ್ಕ ಹಾಕೋ ಸೌಲಭ್ಯ) ಕೈಯಲ್ಲೇ ಬರೆದದ್ದು. ಉಳಿದ 25 ಕಾಳಿನ ಅಂಚು ಹುಡುಕಿ ಯಾವ ನಾಝಲ್ ಊದಬೇಕು ಅಂತ ಲೆಕ್ಕ ಹಾಕೋದಕ್ಕೆ. ಯಂತ್ರದಲ್ಲಿರೋದು ಇಂಟೆಲ್‌ನ ಹಳೇ ಹ್ಯಾಸ್ವೆಲ್ ಪ್ರೊಸೆಸರ್, 4 ಕೋರ್. ಕ್ಯಾಮೆರಾನೂ 4, ತಲಾ ಒಂದು ಕೋರ್.

ಹಾಸನದ ಕಡೆಯ ಒಂದು ಕ್ಯೂರಿಂಗ್ ವರ್ಕ್ಸ್‌ನವರು 20,000 ಲೈನಿನ ಕ್ಯಾಮೆರಾ ಬೇಕು ಅಂತಿದ್ದಾರೆ. ಮುಂದಿನ ಅರೇಬಿಕಾ ಕೊಯ್ಲಿಗೆ ಮುಂಚೆ ಯಂತ್ರ ಕೂತಿರಬೇಕು. ಆಗ ಲೈನಿಗೆ 50 ಮೈಕ್ರೋಸೆಕೆಂಡ್ ಅಷ್ಟೇ. ಹೊಸ ಬೋರ್ಡ್ ಬರುತ್ತೆ, ಅದರಲ್ಲಿ ಎವಿಎಕ್ಸ್-512 (ಒಂದೇ ಸಲಕ್ಕೆ 512 ಬಿಟ್) ಇರುತ್ತೆ ಅಂತ ಮಾರುವವರು ಹೇಳಿದ್ದಾರೆ. ಬೋರ್ಡನ್ನು ಇನ್ನೂ ಯಾರೂ ನೋಡಿಲ್ಲ, ಕೊಟೇಶನ್ನಿಗೆ ಮಾತ್ರ ಅಂಕಿ ಇವತ್ತೇ ಬೇಕು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋ ಕೆಲಸ.

ಲೂಪನ್ನು 512 ಬಿಟ್‌ಗೆ ಬರೆದು ಇಂಟೆಲ್ ಎಸ್‌ಡಿಇ ಎಮ್ಯುಲೇಟರ್‌ನಲ್ಲಿ (ಕೈಯಲ್ಲಿಲ್ಲದ ಪ್ರೊಸೆಸರನ್ನು ಸಾಫ್ಟ್‌ವೇರ್‌ನಲ್ಲೇ ನಕಲು ಮಾಡೋದು) ಓಡಿಸಿದೆ. ಉತ್ತರ ಸರಿ ಬರುತ್ತಿದೆ. ಇನ್‌ಸ್ಟ್ರಕ್ಷನ್ ಎಣಿಕೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದೆ. ಯಜಮಾನರು ಅದನ್ನು ನೋಡಿ "ಹಾಗಾದ್ರೆ ಟೈಮೂ ಅರ್ಧ, ಅಲ್ವಾ?" ಅಂದರು. ನಾನು ಹೂಂ ಅನ್ನಲಿಲ್ಲ. ಏನು ಹೇಳಲಿ?

ಹೇಮಾವತಿ_ದಡ (ಹಾಸನ)

ಹೂಂ ಅನ್ನದೆ ಇದ್ದದ್ದು ಒಳ್ಳೆಯದಾಯ್ತು. ಎಸ್‌ಡಿಇ ಹೇಳೋದು ಕೋಡ್ ಸರಿ ಇದೆಯಾ, ಎಷ್ಟು ಇನ್‌ಸ್ಟ್ರಕ್ಷನ್ ಓಡಿತು, ಇಷ್ಟೇ. ಸಮಯದ ವಿಚಾರ ಅದಕ್ಕೆ ಸಂಬಂಧವೇ ಇಲ್ಲ. ಎವಿಎಕ್ಸ್-512 ಘೋಷಣೆ ಆಗಿದ್ದು 2013ರಲ್ಲಿ, ಅದಿರುವ ಮೊದಲ ಚಿಪ್ ನೈಟ್ಸ್ ಲ್ಯಾಂಡಿಂಗ್ ಬಂದಿದ್ದು 2016ರಲ್ಲಿ. ನಡುವೆ ಕೋಡ್ ಬರೆದವರೆಲ್ಲ ನಿಮ್ಮ ಹಾಗೇ ಎಮ್ಯುಲೇಟರ್ ಮುಂದೆ ಕೂತವರು.

ನಿಮ್ಮ ಲೂಪಿನ ಜೀವ ಇರೋದು ಎಫ್‌ಎಂಎನಲ್ಲಿ, ಅಂದರೆ ಗುಣಿಸಿ ಕೂಡಿಸೋ ಇನ್‌ಸ್ಟ್ರಕ್ಷನ್. ಹ್ಯಾಸ್ವೆಲ್‌ನಲ್ಲಿ 256 ಬಿಟ್‌ನ ಎಫ್‌ಎಂಎ ಯೂನಿಟ್ ಎರಡಿವೆ. ಹೊಸದರಲ್ಲಿ 512 ಬಿಟ್‌ನವು ಎಷ್ಟು ಅನ್ನೋದೇ ಪ್ರಶ್ನೆ. ಎರಡಿದ್ದರೆ ಲೂಪ್ ಎರಡು ಪಟ್ಟು ವೇಗ ಆಗಬಹುದು. ಇಂಟೆಲ್‌ನ 2021ರ ರಾಕೆಟ್ ಲೇಕ್‌ನಲ್ಲಿ ಒಂದೇ ಇತ್ತು, ಇದ್ದ ಎರಡು 256ನ್ನು ಜೋಡಿಸಿ ಒಂದು 512 ಮಾಡಿದ್ದರು. ಗರಿಷ್ಠ ಲೆಕ್ಕ ಅಲ್ಲಿಗೆ ಸಮ, ಲಾಭ ಸೊನ್ನೆ. ಎಎಂಡಿಯ ಝೆನ್ 4 ಕೂಡ 512 ಬಿಟ್‌ನ ಕೆಲಸವನ್ನು 256ರ ದಾರಿಯಲ್ಲೇ ಎರಡು ಸಲ ಕಳಿಸುತ್ತದೆ. ಡೆಸ್ಕ್‌ಟಾಪ್ ಝೆನ್ 5ರಲ್ಲಿ ದಾರಿಯೇ ಪೂರ್ತಿ 512. ಇನ್ನು ಇಂಟೆಲ್‌ನ ಆಲ್ಡರ್ ಲೇಕ್‌ನಲ್ಲಿ ಎವಿಎಕ್ಸ್-512 ಅನ್ನೇ ಮುಚ್ಚಿಬಿಟ್ಟರು. ಮಾರುವವರನ್ನು ಮೊದಲು ಇದನ್ನೇ ಕೇಳಿ, ಬರಹದಲ್ಲಿ ಕೇಳಿ.

ಈಗ ಎರಡು ಗೆರೆ ಎಳೆಯಿರಿ. ಎಲ್ಲಾ ಚೆನ್ನಾಗಿ ಕೂಡಿಬಂದರೆ 60 ಹೋಗಿ 30 ಆಗುತ್ತದೆ, ಜೊತೆಗೆ 25, ಒಟ್ಟು 55. ಏನೂ ಕೂಡಿಬರದಿದ್ದರೆ ಅದೇ 85. ನಿಮಗೆ ಬೇಕಾದ್ದು 50. ಅಂದರೆ ಅಗಲ ಹೆಚ್ಚಿದ್ದರಿಂದ ಮಾತ್ರ ಆಗಲ್ಲ ಅಂತ ಚಿಪ್ ನೋಡದೇ ಹೇಳಬಹುದು. ಹೊಸ ಕೋರ್ ಬೇರೆ ಕಾರಣಕ್ಕೂ ಸ್ವಲ್ಪ ವೇಗ ಇರುತ್ತದೆ, ನಿಜ. ರಿಜಿಸ್ಟರ್ (ಲೆಕ್ಕದ ಸಂಖ್ಯೆ ಇಡೋಕೆ ಕೋರ್ ಒಳಗಿನ ಜಾಗ) 16ರ ಬದಲು 32 ಸಿಗುತ್ತವೆ, ಅದರಿಂದಲೂ ಚೂರು ಲಾಭ. ಆದರೆ 512 ಬಿಟ್‌ನ ಭಾರೀ ಕೆಲಸ ಬಿದ್ದಾಗ ಕ್ಲಾಕ್ ಇಳಿಯೋದೂ ಉಂಟು. 2017ರ ಸ್ಕೈಲೇಕ್ ಸರ್ವರ್‌ಗಳಲ್ಲಿ ಅದು ದೊಡ್ಡ ತಲೆನೋವಾಗಿತ್ತು. ನಿಮ್ಮ ನಾಲ್ಕೂ ಕೋರ್ ಒಟ್ಟಿಗೆ ಓಡುತ್ತವೆ, ಮರೀಬೇಡಿ.

ಒಂದು ಪರೀಕ್ಷೆ ಇವತ್ತೇ ಮಾಡಬಹುದು. ಅದೇ ಲೂಪನ್ನು 128 ಬಿಟ್‌ಗೆ ಬರೆದು ಹಳೇ ಯಂತ್ರದಲ್ಲೇ ಓಡಿಸಿ. 128ರಿಂದ 256ಕ್ಕೆ ಹೋದಾಗ ಎರಡು ಪಟ್ಟಿನ ಹತ್ತಿರ ಬಂತಾ? ಹಾಗಿದ್ದರೆ 512ರ ಮೇಲೂ ಆಸೆ ಇಡಬಹುದು. ಒಂದೂಕಾಲು ಪಟ್ಟು ಮಾತ್ರ ಬಂದರೆ ನಿಮ್ಮ ಲೂಪ್ ಲೆಕ್ಕಕ್ಕೆ ಕಾಯುತ್ತಿಲ್ಲ, ಡೇಟಾಗೆ ಕಾಯುತ್ತಿದೆ. ನನಗೆ ಅದೇ ಅನುಮಾನ. 2048 ಪಿಕ್ಸೆಲ್, 3 ಬಣ್ಣ, ತಲಾ 4 ಬೈಟ್, ಸೇರಿದರೆ ಲೈನಿಗೆ 24 ಕೆಬಿ. 3×3 ಕನ್ವಲ್ಯೂಷನ್‌ಗೆ ಮೂರು ಲೈನ್ ಬೇಕು, 72 ಕೆಬಿ ಆಯ್ತು. ಹ್ಯಾಸ್ವೆಲ್‌ನ ಎಲ್1, ಅಂದರೆ ಕೋರಿಗೆ ತೀರಾ ಹತ್ತಿರದ ವೇಗದ ಮೆಮೊರಿ (ಕ್ಯಾಶ್), ಇರೋದು 32 ಕೆಬಿ. ಲೈನನ್ನು ತುಂಡು ಮಾಡಿ ಓಡಿಸಿ ನೋಡಿ. ಬಫರ್ 64 ಬೈಟಿಗೆ ಅಲೈನ್ ಆಗಿರಲಿ, ಅಂದರೆ ಅದು ಶುರುವಾಗೋ ವಿಳಾಸ 64ರಿಂದ ಭಾಗವಾಗಲಿ. ಇಲ್ಲದಿದ್ದರೆ 512ರಲ್ಲಿ ಪ್ರತಿಯೊಂದು ಲೋಡೂ ಎರಡು ಕ್ಯಾಶ್ ಲೈನ್ (ಕ್ಯಾಶ್‌ನ 64 ಬೈಟಿನ ತುಂಡು) ಮುಟ್ಟುತ್ತದೆ.

ಬಿಟ್ಟುಬಿಡದವ

ಸುಮ್ನೆ ಇಷ್ಟು ಲೆಕ್ಕ ಯಾಕೆ? ಎವಿಎಕ್ಸ್-512 ಇರುವ ಕ್ಲೌಡ್ ಯಂತ್ರ ಗಂಟೆ ಬಾಡಿಗೆಗೆ ಸಿಗುತ್ತೆ. ಓಡಿಸಿ ನೋಡಿ. ಇಲ್ಲಾಂದ್ರೆ ಎಲ್‌ಎಲ್‌ವಿಎಂ-ಎಂಸಿಎ ಅನ್ನೋ ಅಂದಾಜು ಟೂಲಿಗೆ ಹಾಕಿ, ಪ್ರೊಸೆಸರ್ ಹೆಸರು ಕೊಟ್ಟರೆ ಸೈಕಲ್ ಹೇಳುತ್ತೆ.

ಹೇಮಾವತಿ_ದಡ (ಹಾಸನ)

ಬಾಡಿಗೆ ಯಂತ್ರ ಒಪ್ಪಿದೆ, ಖಂಡಿತ ಮಾಡಿ. ಆದರೆ ಆ ಸರ್ವರ್‌ನಲ್ಲಿ ಎಫ್‌ಎಂಎ ಎರಡಿದ್ದು ನಿಮ್ಮ ಬೋರ್ಡಿನಲ್ಲಿ ಒಂದೇ ಇದ್ದರೆ ಅಂಕಿ ಮೋಸ ಮಾಡುತ್ತದೆ. ಎಂಸಿಎಗೆ ಕ್ಯಾಶ್ ಮಿಸ್ (ಬೇಕಾದ ಡೇಟಾ ಕ್ಯಾಶ್‌ನಲ್ಲಿ ಸಿಗದಿರೋದು) ಅನ್ನೋದೇ ಗೊತ್ತಿಲ್ಲ, ಎಲ್ಲಾ ಲೋಡೂ ಎಲ್1ನಿಂದ ಬರುತ್ತೆ ಅಂದುಕೊಳ್ಳುತ್ತದೆ. 72 ಕೆಬಿ ಲೆಕ್ಕದ ಮುಂದೆ ಅದು ತುಂಬಾ ಆಶಾವಾದಿ.

ಗಿರಿಕೋಡು (ಚಿಕ್ಕಮಗಳೂರು)

128ರ ಪರೀಕ್ಷೆ ಮಾಡಿದೆ. ಒಂದೂವರೆ ಪಟ್ಟು ಬಂತು. ಲೈನನ್ನು 256 ಪಿಕ್ಸೆಲ್ ತುಂಡು ಮಾಡಿದ ಮೇಲೆ ಎರಡರ ಹತ್ತಿರ ಹೋಯಿತು, 256 ಬಿಟ್‌ನ ಲೂಪೂ 60ರಿಂದ 52ಕ್ಕೆ ಇಳಿಯಿತು. ಹಳೇ ಯಂತ್ರದಲ್ಲೇ! ಆದರೂ ಅತೀ ಒಳ್ಳೇ ಲೆಕ್ಕ 26 ಮತ್ತು 25, ಒಟ್ಟು 51. ಕೂದಲೆಳೆಯಲ್ಲಿ ತಪ್ಪುತ್ತೆ.

ವಾಲ್ವ್‌ಮೇಷ್ಟ್ರು

ಸಾರ್ಟರ್ ರಿಪೇರಿ ಮಾಡುವವನು ನಾನು, ನಿಮ್ಮ ಬಿಟ್ಟುಗಳ ಕಥೆ ಅರ್ಧ ಅರ್ಥ ಆಯ್ತು. ಒಂದು ಕೇಳ್ತೀನಿ. ಕ್ಯಾಮೆರಾ ಕಂಡ ಜಾಗದಿಂದ ನಾಝಲ್‌ಗೆ ಎಷ್ಟು ದೂರ? 10 ಸೆಂ.ಮೀ. ಅಂದುಕೊಳ್ಳಿ. ಕಾಳು ಸೆಕೆಂಡಿಗೆ 3 ಮೀಟರ್ ಬಿದ್ದರೂ 33 ಮಿಲಿಸೆಕೆಂಡ್ ಸಮಯ ಇದೆ. ಮತ್ತೆ ಒಂದೇ ಕೋರ್ 50 ಮೈಕ್ರೋಸೆಕೆಂಡಲ್ಲಿ ಎಲ್ಲಾ ಯಾಕೆ ಮುಗಿಸಬೇಕು? ಲೂಪ್ ಒಂದು ಕೋರಿಗೆ, ಅಂಚು ಹುಡುಕೋದು ಪಕ್ಕದ ಕೋರಿಗೆ ಕೊಡಿ. ಉತ್ತರ ಎರಡು ಲೈನ್ ತಡವಾಗಿ ಬಂದರೆ ನನ್ನ ವಾಲ್ವಿಗೆ ಏನೂ ಆಗಲ್ಲ.

ಹೇಮಾವತಿ_ದಡ (ಹಾಸನ)

ಮೇಷ್ಟ್ರೇ, ಲೆಕ್ಕವೇ ಬದಲಾಯ್ತು. ಆಗ 52ನ್ನು 50ರ ಕೆಳಗೆ ತಂದರೆ ಸಾಕು, ಒಂದು 40ಕ್ಕೆ ತಂದರೆ ನಿಶ್ಚಿಂತೆ. 512 ಬಿಟ್ ಇಲ್ಲದಿದ್ದರೂ ಹೊಸ ಕೋರ್‌ಗೆ ಅದು ಕಷ್ಟವಲ್ಲ. ಗಿರಿ, ಕೊಟೇಶನ್ನಿನಲ್ಲಿ ಕ್ಯಾಮೆರಾಗೆ ಎರಡರಂತೆ 8 ಕೋರ್ ಅಂತ ಬರೆಸಿ.

ಗಿರಿಕೋಡು (ಚಿಕ್ಕಮಗಳೂರು)

8 ಕೋರ್ ಅಂತ ಬರೆಸಿದ್ದೇನೆ. ಎವಿಎಕ್ಸ್-512 ಸಾಲು ಹೊಡೆದುಹಾಕಿದ್ದಕ್ಕೆ ಯಜಮಾನರಿಗೆ ಬೇಜಾರು, ಬ್ರೋಷರ್‌ನಲ್ಲಿ ಹಾಕೋಣ ಅಂತಿದ್ದರಂತೆ. ಮೇಷ್ಟ್ರೇ, ದೂರ ಅಳೆದೆ, 12 ಸೆಂ.ಮೀ. ಇದೆ.